ಹಳದಿಯಾದ ಕರಿಬೇವು

ಹೊಳೆದಂಡೆಯ ಆಶ್ರಮವೊಂದರಲ್ಲಿ ಸಿದ್ಧಬಸವಯ್ಯನವರೆಂಬ ಗುರುಗಳಿದ್ದರು. ಶಿಷ್ಯೆ ಮಾದೇವಿ ಅವರ ಬಳಿ ಪಾಠ ಕಲಿಯುತ್ತ ಅಡಿಗೆಮನೆಯನ್ನೂ ನೋಡಿಕೊಳ್ಳುತ್ತಿದ್ದಳು.

ಆ ಚಳಿಗಾಲ ಅಯ್ಯನವರಿಗೆ ಜ್ವರ ಹಿಡಿಯಿತು. ಅದೇ ವಾರ, ಅವರು ಕೈಯಾರೆ ನೆಟ್ಟಿದ್ದ ಹಿತ್ತಲಿನ ಕರಿಬೇವಿನ ಗಿಡ ಹಳದಿಗೆ ತಿರುಗಿತು.

ಗಿಡ ಉಳಿದರೆ ಗುರು ಉಳಿದಾರು, ಗಿಡ ಹೋದರೆ ಗುರುವೂ ಹೋದಾರು ಎಂದು ಮಾದೇವಿಯ ಮನಸ್ಸು ಎರಡನ್ನೂ ಗಂಟು ಹಾಕಿಕೊಂಡಿತು.

ಬೆಳಿಗ್ಗೆ ಕೊಡ ನೀರು ಹೊಯ್ದಳು. ಸಂಜೆ ಮತ್ತೆ ಹೊಯ್ದಳು. ಎಲೆ ಇನ್ನಷ್ಟು ಉದುರಿತು. ಅವಳು ಇನ್ನಷ್ಟು ನೀರು ಹೊಯ್ದಳು.

ಒಂದು ಮಧ್ಯಾಹ್ನ ಅಯ್ಯನವರು ಅಂದರು: "ಬಾಯಿ ಕೆಟ್ಟಿದೆ, ತಾಯಿ. ಒಗ್ಗರಣೆ ಮಜ್ಜಿಗೆ ಮಾಡಿಕೊಡು."

ಅವಳು ಸಾಸಿವೆ, ಇಂಗು ಹಾಕಿ ತಂದಳು. ಅಯ್ಯನವರು ಮೂಸಿ ನೋಡಿ ಬಟ್ಟಲನ್ನು ಕೆಳಗಿಟ್ಟರು.

"ಕರಿಬೇವು?"

"ಗಿಡ ಸೊರಗಿದೆ, ಅಯ್ಯನವರೇ. ಒಂದೆಲೆ ಕಿತ್ತರೂ ಸತ್ತೀತೆಂದು ಭಯ."

"ಸತ್ತರೆ?"

"ನೀವೂ..." ಎಂದಳು.

ಅಯ್ಯನವರು ಅವಳ ಹೆಗಲು ಹಿಡಿದು ನಿಧಾನವಾಗಿ ಹಿತ್ತಲಿಗೆ ಬಂದರು. ಬುಡದ ಕೆಸರಿಗೆ ಬೆರಳಿಟ್ಟು ಅವಳ ಮೂಗಿನ ಬಳಿ ಹಿಡಿದರು. ಕೊಳೆತ ವಾಸನೆ.

"ಬಾಯಾರಿದ್ದು ಗಿಡಕ್ಕೋ, ನಿನಗೋ?"

ಮಾದೇವಿ ಬಗ್ಗಿ ಆ ಕೆಸರನ್ನು ತಾನೂ ಮುಟ್ಟಿ ನೋಡಿದಳು.

"ಕುಡುಗೋಲು ತಾ. ಮೊಣಕಾಲೆತ್ತರಕ್ಕೆ ಕಡಿ. ಬುಡ ಒಣಗುವ ತನಕ ಹನಿ ನೀರೂ ಬೇಡ."

"ಅಯ್ಯನವರೇ, ನನ್ನ ಕೈಯಾರೆ ಹೇಗೆ ಕಡಿಯಲಿ?"

"ನೀರು ಹೊಯ್ದದ್ದು ಯಾರ ಕೈ?"

ಮಾದೇವಿ ಕುಡುಗೋಲು ತಂದಳು. ಕಣ್ಣು ಮುಚ್ಚಿ ಕಡಿದಳು. ಉಳಿದಿದ್ದ ಹಸಿರೆಲೆಗಳನ್ನೆಲ್ಲ ಬಿಡಿಸಿ ತಂದು ಕಾದ ಎಣ್ಣೆಗೆ ಹಾಕಿದಳು. ಚಟಚಟ ಸಿಡಿದು ಘಮ ಮನೆ ತುಂಬಿತು. ಅಯ್ಯನವರು ಬಟ್ಟಲು ಬರಿದು ಮಾಡಿ ಮಲಗಿದರು.

ಮುಂದಿನ ದಿನಗಳು ಮಾದೇವಿಗೆ ಸಾಗಲೇ ಇಲ್ಲ. ಗಿಡ ಮೋಟಾಗಿ, ಸತ್ತ ಕಟ್ಟಿಗೆಯಂತೆ ನಿಂತಿತ್ತು. ಕೊಡ ಎತ್ತಿಕೊಂಡು ಹಿತ್ತಲ ಬಾಗಿಲ ತನಕ ಹೋಗುವಳು, ಹಾಗೇ ಹಿಂದಿರುಗುವಳು. ಅಯ್ಯನವರು ಕೆಮ್ಮಿದರೆ ಬೆಚ್ಚುವಳು. ಕೆಮ್ಮು ನಿಂತರೆ ಓಡಿಬಂದು ಉಸಿರು ನೋಡುವಳು. ಬಡಿಸಿಕೊಂಡ ಅನ್ನವನ್ನು ಉಣ್ಣದೆ ಹಾಗೇ ಮುಚ್ಚಿಡುವಳು.

ಕೊನೆಗೊಂದು ಬೆಳಿಗ್ಗೆ ಮೋಟಿನ ಮಗ್ಗುಲಲ್ಲಿ ಎಳೆಯ ಚಿಗುರು ಕಂಡಿತು. ಅವಳು ಒಳಗೆ ಓಡಿದಳು.

"ಅಯ್ಯನವರೇ, ಗಿಡ ಚಿಗುರಿದೆ."

"ಒಳ್ಳೆಯದಾಯಿತು."

"ಇನ್ನು ನಿಮಗೇನೂ ಆಗುವುದಿಲ್ಲ, ಅಲ್ಲವೇ?"

ಅಯ್ಯನವರ ಹಣೆ ಇನ್ನೂ ಬಿಸಿಯಾಗಿಯೇ ಇತ್ತು. ಅವರು ಗೋಡೆಗೆ ಒರಗಿ ಕುಳಿತು, ಅವಳ ಬತ್ತಿದ ಮುಖವನ್ನು ನೋಡಿದರು.

"ಎಂದಾದರೊಂದು ದಿನ ಆಗದೆ ಇರುತ್ತದೆಯೇ, ತಾಯಿ? ಈಗ ಹಸಿವಾಗಿದೆ. ಇಬ್ಬರಿಗೂ ಬಡಿಸು."