ಇರುವೆಗಳು ಮುಖಕ್ಕೆ ಮುಖ ತಾಗಿಸುವುದೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು, ಮಗಾ. ಬೆಟ್ಟಗಳಿಗೆ ಹೆಸರಿರಲಿಲ್ಲ. ಗಾಳಿ, ಹೊಳೆ, ಹುಳುಹುಪ್ಪಟೆ ಎಲ್ಲಕ್ಕೂ ಮಾತು ಬರುತ್ತಿತ್ತು.

ಆಗ ಇರುವೆಗಳಿಗೆ ಗೂಡಿರಲಿಲ್ಲ. ಕಲ್ಲುಗುಡ್ಡದ ಗವಿಯಲ್ಲಿ ಮೂರು ಹೆಗ್ಗಣಗಳಿದ್ದವು. ಅವು ಬಂದು, "ಮಳೆ ಬಂದರೆ ಕೊಚ್ಚಿಹೋಗ್ತೀರಿ. ಕಾಳು ತಂದು ನಮ್ಮ ಗವಿ ತುಂಬಿಸಿ. ಮಳೆಗಾಲದಲ್ಲಿ ಎಲ್ಲರೂ ಒಳಗೇ ಕೂತು ಉಣ್ಣೋಣ" ಎಂದವು.

ಇರುವೆಗಳು ನಂಬಿದವು. ಬೇಸಿಗೆಯಿಡೀ ನವಣೆ ಹೊತ್ತವು. ಬಿಸಿಲಲ್ಲಿ ಹೊತ್ತವು, ಕಾಲು ಸುಟ್ಟರೂ ಹೊತ್ತವು. ಹೆಗ್ಗಣಗಳು ಅವುಗಳ ಕೈಲೇ ಗವಿಯೊಳಗೆ ಗವಿ ತೋಡಿಸಿದವು. ತಿಂದು ತಿಂದು ಹೆಗ್ಗಣಗಳ ಹೊಟ್ಟೆ ನೆಲಕ್ಕೆ ತಾಗಿತು. ಇರುವೆಗಳಿಗೆ ಸಿಕ್ಕಿದ್ದು ಬರೀ ಹೊಟ್ಟು.

ಗೊಣಗುವ ಹಾಗೂ ಇರಲಿಲ್ಲ. ಗಾಳಿಯ ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ; ಕೇಳಿದ್ದನ್ನೆಲ್ಲ ಗವಿಗೆ ಒಯ್ದು ಹೇಳುತ್ತಿತ್ತು. ಹಸಿವು ಎಂದ ಇರುವೆ ಮರುದಿನ ಸಾಲಿನಲ್ಲಿ ಕಾಣುತ್ತಿರಲಿಲ್ಲ.

ಒಂದು ದಿನ ಪಡುವಣದಲ್ಲಿ ಮೋಡ ಕಪ್ಪಾಯಿತು. ಸಣ್ಣವ್ವ ಎಂಬ ಮುದಿ ಇರುವೆ ಗವಿಯ ಬಾಗಿಲಿಗೆ ಹೋಗಿ, "ಯಜಮಾನ್ರೇ, ಮಳೆ ಬಂತು. ನಮ್ಮನ್ನ ಒಳಗೆ ಬಿಡಿ" ಎಂದಳು.

"ಒಳಗೆ ಜಾಗ ಎಲ್ಲಿದೆ? ಕಾಳು ತುಂಬಿದೆಯಲ್ಲ!" ಎಂದಿತು ದೊಡ್ಡ ಹೆಗ್ಗಣ. ಒಂದೇ ಏಟಿಗೆ ಅವಳನ್ನು ಬಂಡೆಯಿಂದ ಕೆಳಕ್ಕೆ ತಳ್ಳಿತು. ಅವಳು ಮತ್ತೆ ಏಳಲಿಲ್ಲ.

ಸಣ್ಣವ್ವನ ಮಗಳು ಕೆಂಚಿ ಸಾಲಿನ ಮುಂದೆಯೇ ಇದ್ದಳು. ಎಲ್ಲ ನೋಡಿದಳು. ಅವ್ವಾ ಎಂದು ಕೂಗಬೇಕು ಅನ್ನಿಸಿತು. ಆದರೆ ಗಾಳಿ ಅಲ್ಲೇ ಸುಳಿಯುತ್ತಿತ್ತು. ಕೆಂಚಿ ಹಿಂದಕ್ಕೆ ತಿರುಗಿ, ಎದುರು ಬಂದ ಇರುವೆಯ ಮುಖಕ್ಕೆ ಮುಖ ತಾಗಿಸಿ, ಮೀಸೆಗೆ ಮಾತ್ರ ತಿಳಿಯುವ ಹಾಗೆ ಪಿಸುಗುಟ್ಟಿದಳು:

"ನಮ್ಮನ್ನ ಒಳಗೆ ಬಿಡೋದಿಲ್ಲ. ತಿರುಗು. ಅವರಿಗೆ ತೋಡಿದ ಹಾಗೇ ನಮಗೂ ಬಿಲ ತೋಡೋಣ. ಹಿಂದಿನವಳಿಗೆ ಹೇಳು."

ಅದು ಇನ್ನೊಂದಕ್ಕೆ ಹೇಳಿತು. ಇನ್ನೊಂದು ಮತ್ತೊಂದಕ್ಕೆ. ಸಾಲು ಹೊಳೆಯವರೆಗೂ ಉದ್ದವಿತ್ತು. ಒಂದೇ ಒಂದು ಇರುವೆ ಬಾಯಿಬಿಟ್ಟು "ಏನು?" ಎಂದಿದ್ದರೂ ಎಲ್ಲ ಮುಗಿಯುತ್ತಿತ್ತು. ಮೋಡ ಹತ್ತಿರ ಹತ್ತಿರ ಬಂತು.

ಯಾವುದೂ ಬಾಯಿಬಿಡಲಿಲ್ಲ. ಇಡೀ ಸಾಲು ಕಾಳು ಹೊತ್ತೇ ತಿರುಗಿತು.

"ಏನು ಮಾತಾಡಿಕೊಂಡವು? ಏನು ಮಾತಾಡಿಕೊಂಡವು?" ದೊಡ್ಡ ಹೆಗ್ಗಣ ಗಾಳಿಯತ್ತ ಅರಚಿತು.

"ನನಗೇನೂ ಕೇಳಿಸಲಿಲ್ಲ" ಎಂದಿತು ಗಾಳಿ.

ಬಿಲ ತೋಡಿ ಮುಗಿಯುವಷ್ಟರಲ್ಲಿ ಮಳೆ ಸುರಿಯಿತು. ಹೊಸ ಬಿಲದಲ್ಲಿ ಅಂದು ಹೊತ್ತಿದ್ದಷ್ಟೇ ಕಾಳು. ಆ ವರ್ಷ ಎಷ್ಟೋ ಇರುವೆಗಳು ಹಸಿದು ಸತ್ತವು. ಉಳಿದವು ಮಾತ್ರ ಮತ್ತೆಂದೂ ಗವಿಗೆ ಕಾಳು ಹೊರಲಿಲ್ಲ.

ಅದಕ್ಕೇ ನೋಡು, ಗೋಡೆಯ ಮೇಲೆ ಸಾಲಾಗಿ ಹೋಗುವ ಇರುವೆಗಳು ಇವತ್ತಿಗೂ ಎದುರಾದಾಗ ಒಂದು ಗಳಿಗೆ ನಿಂತು, ಮುಖಕ್ಕೆ ಮುಖ ತಾಗಿಸಿ, ಗಾಳಿಗೆಲ್ಲಿ ಕೇಳಿಸಿಬಿಟ್ಟೀತೋ ಎನ್ನುವ ಹಾಗೆ ದಡಬಡ ಓಡಿಬಿಡುತ್ತವೆ.