ಎಂಜಲ ಬಾವಿ

ಬೊಮ್ಮಯ್ಯನ ಮಠದ ಹಿಂದ ಒಂದು ಬಾವಿ ಐತಿ. ಎಂಜಲ ಬಾವಿ ಅಂತಾರ ಅದಕ್ಕ. ಹೆಸರು ಕೇಳಿ ಮೂಗು ಮುರೀಬ್ಯಾಡ್ರಿ. ಸುತ್ತಿನ ಸೀಮ್ಯಾಗ ಇದರ ಸರಿಸಾಟಿ ಬಾವಿ ಇದ್ರ ತೋರಸ್ರಿ ನೋಡೋಣ. ಬರೇ ಕಲ್ಲಿನ ನೆಲ, ಆದ್ರೂ ಬ್ಯಾಸಗ್ಯಾಗ ಇದರ ತಳ ಕಂಡವರಿಲ್ಲ.

ಶಂಭಯ್ಯಗೂ ಆ ಹೆಸರು ಹಿಡಿಸಿದ್ದಿಲ್ಲ. ಮಠಕ್ಕ ಹೊಸಾ ಶಿಷ್ಯ ಅಂವ. ದೀಕ್ಷಾ ತಗೊಂಡ ತೀರತೀನಿ ಅಂತ ಊರಿಗೆಲ್ಲಾ ಹೇಳಿ ಮನಿ ಬಿಟ್ಟಿದ್ದ. ಸಿಗಲಿಲ್ಲಂದ್ರ ತಿರುಗಿ ಹೋಗಾಕ ಮಾರಿ ಇದ್ದಿಲ್ಲ.

"ಅಜ್ಜಾರ, ನನಗ ದೀಕ್ಷಾ ಯಾವಾಗ?"

ಗುರು ಈರಯ್ಯಜ್ಜಾರು ವಿಭೂತಿ ಹಚ್ಕೋತ ಅಂದ್ರು: "ಲಿಂಗಕ್ಕ ಹಾಕೂವಂಥಾ ನೀರು ಬಾವೀಲಿಂದ ತಾ. ತಂದ ದಿನಾನ ಕೊಡ್ತೀನಿ."

"ಇಷ್ಟ?"

"ಇಷ್ಟ."

ಮರುದಿನ ಕೋಳಿ ಕೂಗೂಕ್ಕಿಂತ ಮೊದಲ ಎದ್ದು, ಯಾರೂ ಮುಟ್ಟಿರಲಾರದ ನೀರು ಸೇದಿದ. ತಂಬಿಗಿ ಬಾಯಿಗೆ ಬಟ್ಟಿ ಕಟ್ಟಿ, ಉಸರು ಸೋಕದಂಗ ತಂದ.

"ಮೀಸಲ ನೀರು, ಅಜ್ಜಾರ."

ಅಜ್ಜಾರು ಅದನ್ನ ಬೇವಿನ ಗಿಡಕ್ಕ ಸುರುವಿದ್ರು. "ಇದಲ್ಲ."

ಇನ್ನೊಂದಿನ ಹೋದ. ಬಾವಿ ಕಟ್ಟಿ ಮ್ಯಾಲ ಮುದುಕಿ ದುರಗವ್ವ ಎಲಿ ಅಡಿಕಿ ಮೆಲ್ಲಕೋತ ನಿಂತಿದ್ಲು.

"ದೂರ ಸರಿ ಆಯಿ. ಲಿಂಗಕ್ಕ ನೀರು ಒಯ್ಯಾವ ನಾ."

"ಬಾವಿ ನಿಮ್ಮಪ್ಪ ತೋಡಿದ್ನೇನೊ?" ಅಂದ್ಲು. ಆದ್ರೂ ಸರದು ನಿಂತ್ಲು.

ಆ ನೀರು ಅಜ್ಜಾರು ಎಮ್ಮಿಗೆ ಇಟ್ರು. "ಇದೂ ಅಲ್ಲ."

ಶಂಭಯ್ಯನ ಕಣ್ಣು ತುಂಬಿ ಬಂದ್ವು. "ಇದಕ್ಕಿಂತ ಶುದ್ಧ ನೀರು ಎಲ್ಲಿಂದ ತರ್ಲಿ? ಬಾವೀನ ಎಂಜಲ."

"ಯಾರ ಎಂಜಲ, ಕೇಳೀಯೇನು?"

"ಇಲ್ಲ."

"ನಮ್ಮ ಮೂಲ ಗುರು ಬೊಮ್ಮಯ್ಯಂದು. ಊರಿನ ಎಲ್ಲಾ ಓಣ್ಯಾವರು ಕೂಡಿ ಈ ಕಲ್ಲು ಕಡದ್ರು. ಕಡಿಯೂತನಾ ಒಂದ ಮಂದಿ. ನೀರು ಬಿತ್ತು ನೋಡು, ಮೊದಲ ಕೊಡ ಯಾರದು ಅಂತ ಬಡಿಗಿ ಎತ್ತಿದ್ರು."

"ಆಮ್ಯಾಲೆ?"

"ಬೊಮ್ಮಯ್ಯ ಸರಸರ ಬಾವಿಗೆ ಇಳದ. ಬೊಗಸೀಲೆ ನೀರು ಕುಡದು, ಉಳದದ್ದು ತಿರುಗಿ ಅದರಾಗ ಬಿಟ್ಟ. ಮ್ಯಾಲ ಬಂದು ಅಂದ: 'ನಾ ಎಂಜಲ ಮಾಡೀನಿ. ಮೀಸಲ ನೀರು ಬೇಕಾದವರು ಬ್ಯಾರೆ ಬಾವಿ ತೋಡ್ಕೊಳ್ರಿ.'"

"ತೋಡ್ಕೊಂಡ್ರೇನು?"

"ಬಡಿಗಿ ಕೆಳಗ ಒಗದು ಅದನ್ನ ಕುಡದ್ರು. ಇವತ್ತಿಗೂ ಮೊಲಿ ಬಿಡಿಸಿದ ಕೂಸಿಗೆ ಮೊದಲ ಗುಟುಕು ಇಲ್ಲೀದ. ಮೊದಲ ಬಂದವರು ಕುಡದು ಉಳಿಸಿದ್ದನ್ನ ಆಮ್ಯಾಲೆ ಬಂದವರು ಕಣ್ಣಿಗೊತ್ತಿಕೊಂಡು ಕುಡೀತಾರ. ನೀ ಒಬ್ಬನ ನೋಡು, ಕತ್ತಲ್ಯಾಗ ಕದ್ದು ತರಾವ."

ಶಂಭಯ್ಯ ತಿರುಗಿ ಬಾವಿ ಕಡೆ ತಂಬಿಗಿ ತಗೊಂಡು ನಡದ.

ದುರಗವ್ವ ಇನ್ನೂ ಅಲ್ಲೇ ಕುಂತಿದ್ಲು. ಅಂವ ನೀರು ಸೇದಿ ತಂಬಿಗಿ ಮುಂದ ಹಿಡದ.

"ಕುಡಿ ಆಯಿ."

"ಯಾಕಪ್ಪಾ, ಈಗ ದೂರ ಸರಿಯೂದು ಬ್ಯಾಡೇನು?"

ಶಂಭಯ್ಯ ತಲಿ ತಗ್ಗಿಸಿದ. ಮುದುಕಿ ಬಾಯಿ ಹಚ್ಚಿ ಗಟಗಟ ಕುಡದು ತಂಬಿಗಿ ವಾಪಸ್ ಕೊಟ್ಲು. ಅದರ ಕಂಠಕ್ಕ ಎಲಿ ಅಡಿಕಿ ಕೆಂಪು ಹತ್ತಿತ್ತು. ಒರಸಾಕ ಅಂತ ಧೋತರದ ಚುಂಗು ಹಿಡದ.

ಹಿಡದಾವ ಬಿಟ್ಟ. ಹಂಗ ತಂದ.

ಅಜ್ಜಾರು ಆ ಕೆಂಪು ನೋಡಿದ್ರು. ತಾವೊಂದು ಗುಟುಕು ಕುಡದು, ಲಿಂಗದ ಮ್ಯಾಲ ಸಣ್ಣಗ ಧಾರಿ ಬಿಟ್ರು. ಉಳದದ್ದು ಶಂಭಯ್ಯನ ಬೊಗಸಿಗೆ ಹಾಕಿದ್ರು. ಕಣ್ಣು ಮುಚ್ಚಿ ಕುಡದ ಅಂವ.

"ಅಜ್ಜಾರ, ಮಂತ್ರ? ಕಿವ್ಯಾಗ ಹೇಳ್ತಾರಂತಲ್ಲ?"

ಅಜ್ಜಾರು ಅವನ ಕಿವಿ ಹಂತೇಕ ಬಾಯಿ ತಂದ್ರು. ಅಷ್ಟರಾಗ ಹಿಂದ ಬಾವಿ ಗಾಲಿ ಕಿರ್ರ್ ಅಂತು.

"ಕೇಳಿಸಲಿಲ್ಲೇನೊ ತಮ್ಮಾ? ಹೋಗು, ಯಾರಿಗೋ ನೀರಡಿಸೈತಿ."