ಅಳಿಲಿನ ಮುಂದೆ ಎದ್ದು ನಿಂತ ಹುಲಿ

ಒಂದು ಕಾಡಿನಲ್ಲಿ ಹುಲಿಯೂ ನಿಂತು ಉತ್ತರ ಹೇಳಬೇಕಾದ ಜಾಗವೊಂದಿತ್ತು. ಅದು ಆಲದ ಮರದ ಕೆಳಗಿನ ಬಂಡೆ. ತಿಂಗಳಿಗೊಮ್ಮೆ ಪ್ರಾಣಿಗಳೆಲ್ಲ ಅಲ್ಲಿ ಸಭೆ ಸೇರಿ ಕಾಡಿನ ಕಟ್ಟಳೆ ಮಾಡುತ್ತಿದ್ದವು. ಅದರಂತೆ ಹುಲಿ ಆಳುತ್ತಿತ್ತು. ಜಗಳ ಬಂದರೆ ಮುದಿ ಆಮೆ ಅದೇ ಕಟ್ಟಳೆ ನೋಡಿ ನ್ಯಾಯ ಹೇಳುತ್ತಿತ್ತು. ಯಾರೇ ಬಂಡೆ ಹತ್ತಿ ಪ್ರಶ್ನೆ ಕೇಳಿದರೂ, ಉತ್ತರ ಮುಗಿಯುವ ತನಕ ಹುಲಿ ಕೂರುವಂತಿರಲಿಲ್ಲ.

ಒಂದು ಸಲ ಅಳಿಲು ಬಂಡೆ ಹತ್ತಿತು.

"ದೊರೆಯೇ, ಮಡುವಿನಲ್ಲಿ ನೀರು ಕುಡಿಯಲು ಮರಿಗಳಿಗೆ ಮೊದಲ ಸರದಿ ಅಂತ ಕಟ್ಟಳೆ ಇದೆ. ನಿನ್ನೆ ಜಿಂಕೆಮರಿಯನ್ನು ಯಾಕೆ ತಡೆದಿರಿ?"

ಹುಲಿ ನಿಂತೇ ತಪ್ಪೊಪ್ಪಿಕೊಂಡಿತು.

ಮಂತ್ರಿ ನರಿಯ ಹೊಟ್ಟೆಗೆ ಬೆಂಕಿ ಬಿತ್ತು. 'ಹಗಲಿಡೀ ಸೇವೆ ಮಾಡುವ ನನ್ನ ಮಾತಿಗೆ ಹುಲಿ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಈ ಅಂಗೈಯಗಲದ ಅಳಿಲಿನ ಮುಂದೆ ಎದ್ದು ನಿಲ್ಲುತ್ತದಲ್ಲ!' ಹೊಟ್ಟೆಕಿಚ್ಚಿಗೆ ಮದ್ದಿಲ್ಲ ನೋಡಿ.

ಮಾರನೆಯ ದಿನ ನರಿ ಹುಲಿಯ ಕಿವಿ ಕಚ್ಚಿತು. "ಒಡೆಯಾ, ಅಳಿಲಿನ ಮುಂದೆ ನಿಲ್ಲುವುದು ನಿಮಗೆ ಶೋಭೆಯೇ? ಸಭೆ ಯಾಕೆ ಬೇಕು? ನಿಮ್ಮ ಮಾತೇ ಕಟ್ಟಳೆಯಾಗಲಿ."

ಹುಲಿ ಉಬ್ಬಿಹೋಯಿತು. ಸಭೆ ನಿಂತುಹೋಯಿತು. ಅಳಿಲಿಗೆ ಸಿಗುತ್ತಿದ್ದ ಮರ್ಯಾದೆ ಕಂಡು ಬೇರೆ ಕೆಲವು ಪ್ರಾಣಿಗಳಿಗೂ ಒಳಗೊಳಗೇ ಉರಿ ಇತ್ತು. ಅವು ಬಾಯಿ ಬಿಡಲಿಲ್ಲ. ನರಿ ಬಂಡೆಯ ಮೇಲೆ ಕಾಲು ಚಾಚಿ ಮಲಗಿತು.

ಬೇಸಿಗೆ ಬಂತು. ಮಡುವಿನ ನೀರು ತಳ ಕಂಡಿತು. "ಇನ್ನು ಈ ನೀರು ನನ್ನ ವಂಶಕ್ಕೆ ಮಾತ್ರ!" ಎಂದು ಹುಲಿ ಗುಡುಗಿತು. ನರಿಯ ಮೂರು ಮರಿಗಳು ನಾಲಿಗೆ ಚಾಚಿ ಬಿದ್ದುಕೊಂಡವು. ನರಿ ಆಮೆಯ ಬಳಿ ಓಡಿತು.

"ಅಜ್ಜಾ, ಮರಿಗಳಿಗೆ ಮೊದಲ ಸರದಿ ಅಲ್ಲವೇ? ನ್ಯಾಯ ಹೇಳು!"

"ಆ ಕಟ್ಟಳೆ ಸಭೆ ಮಾಡಿದ್ದು ಮಗಾ. ಸಭೆಯನ್ನೇ ನೀನು ಮುಚ್ಚಿಸಿದೆ. ಈಗ ನಾನು ಏನನ್ನು ನೋಡಿ ನ್ಯಾಯ ಹೇಳಲಿ?"

ನರಿ ಹುಲಿಯ ಕಾಲಿಗೆ ಬಿತ್ತು. ಹುಲಿ ಮಲಗಿದಲ್ಲಿಂದ ಏಳಲೂ ಇಲ್ಲ.

ಕೊನೆಗೆ ನರಿ ನಾಚಿಕೆ ಬಿಟ್ಟು ಅಳಿಲಿನ ಮರದ ಕೆಳಗೆ ಬಂತು. "ಅಕ್ಕಾ, ನಿನ್ನನ್ನು ಕಂಡು ಹೊಟ್ಟೆ ಉರಿದುಕೊಂಡೆ. ತಪ್ಪಾಯಿತು. ನನ್ನ ಮರಿಗಳು ಸಾಯುತ್ತಿವೆ."

ಅಳಿಲು ಕೊಂಬೆಯಿಂದ ಕೊಂಬೆಗೆ ಹಾರಿ ಎಲ್ಲರನ್ನೂ ಕೂಗಿತು. ಆನೆ, ಕಾಡುಕೋಣ, ಜಿಂಕೆ, ಎಲ್ಲವೂ ಹುಲಿಯನ್ನು ಸುತ್ತುವರಿದು ಕರೆತಂದು ಆಲದ ಕೆಳಗೆ ಸೇರಿದವು. ಅಳಿಲು ಬಂಡೆ ಹತ್ತಿತು.

"ದೊರೆಯೇ, ನರಿಯ ಮರಿಗಳಿಗೆ ನೀರು ಯಾಕಿಲ್ಲ?"

ಸುತ್ತ ಸೇರಿದ್ದವರನ್ನು ನೋಡಿ ಹುಲಿ ಮೆಲ್ಲನೆ ಎದ್ದು ನಿಂತಿತು.

ಅದು ತನ್ನ ಅಪ್ಪಣೆಯನ್ನು ಹಿಂತೆಗೆದುಕೊಂಡಿತು. ಅಂದೇ ಮರಿಗಳು ನೀರು ಕುಡಿದವು. ನರಿಯ ಮಂತ್ರಿ ಪದವಿ ಹೋಯಿತು. ಮತ್ತೆ ಶುರುವಾದ ಸಭೆ ಅದಕ್ಕೆ ಬೇರೊಂದು ಕೆಲಸ ಕೊಟ್ಟಿತು. ಅಳಿಲು ಹತ್ತುವ ಮೊದಲು ಆ ಬಂಡೆಯನ್ನು ಬಾಲದಿಂದ ಗುಡಿಸುವುದು.

ನೀತಿ: ಆಳುವವರನ್ನು ಪ್ರಶ್ನಿಸುವ ಸಭೆಯನ್ನು ಹೊಟ್ಟೆಕಿಚ್ಚಿನಿಂದ ಮುಚ್ಚಿಸಿದವನಿಗೆ, ಕಷ್ಟ ಬಂದಾಗ ನ್ಯಾಯವೂ ಸಿಗುವುದಿಲ್ಲ.